ಟೋಪಿಯವನ ಕಿಂಡಿ

ಕೆಂಪು ಇಟ್ಟಿಗೆಯ ಗೋಡೆ. ಈಚೆ ಕಪ್ಪು ಕೋಟು, ದುಂಡು ಟೋಪಿಯ ಇಂಗ್ಲಿಷ್ ಗೃಹಸ್ಥ. ಆಚೆ ಸ್ನಾನಕ್ಕಿಳಿದ ಭಾರತದ ಹೆಂಗಸರು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1968ರ ನವೆಂಬರಿನಲ್ಲಿ ಹೊರತಂದ ‘ವಂಡರ್‌ವಾಲ್ ಮ್ಯೂಸಿಕ್’ ಎಲ್‌ಪಿಯ ಮುಖಚಿತ್ರವಿದು. ಬರೆದವನು ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ವಿನ್ಯಾಸಕಾರ ಬಾಬ್ ಗಿಲ್. ಟೋಪಿ, ಕೋಟು ಎರಡೂ ಬೆಲ್ಜಿಯಂನ ಕಲಾವಿದ ಮಾಗ್ರಿಟ್‌ನ ಮನೆಯಿಂದ ಬಂದವು ಎಂಬುದು ಕಂಡ ಕೂಡಲೇ ಗೊತ್ತಾಗುತ್ತದೆ.

ಚಿತ್ರ ನೋಡಿದ ಹ್ಯಾರಿಸನ್, ಗೋಡೆಯಿಂದ ಒಂದು ಇಟ್ಟಿಗೆ ತೆಗೆದುಬಿಡು ಎಂದ. ಈ ಸಂಗೀತ ಜೋ ಮಸಾಟ್‌ನ ‘ವಂಡರ್‌ವಾಲ್’ ಸಿನಿಮಾಕ್ಕಾಗಿ ಮಾಡಿದ್ದು. ಅದರಲ್ಲಿ ಒಂಟಿ ವಿಜ್ಞಾನಿಯೊಬ್ಬ ಗೋಡೆಯ ತೂತಿನಿಂದ ಪಕ್ಕದ ಮನೆಯ ಹುಡುಗಿಯನ್ನು ನೋಡುತ್ತ ಕೂರುತ್ತಾನೆ. ಟೋಪಿಯವನಿಗೂ ಅಷ್ಟು ಅವಕಾಶವಿರಲಿ ಎಂಬ ಕರುಣೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಜೀವವಿರುವುದು ಆ ಖಾಲಿ ಜಾಗದಲ್ಲೇ. ಅದಿಲ್ಲದಿದ್ದರೆ ಇದು ಜಾಣತನದ ಪೋಸ್ಟರ್, ಅಷ್ಟೆ.

ಆದರೆ ಕನ್ನಡದವರಿಗೆ ಕಿಂಡಿ ಎಂದರೆ ಉಡುಪಿ ನೆನಪಾಗದೆ ಇರದು. ಅಲ್ಲಿ ಕನಕನಿಗಾಗಿ ಕೃಷ್ಣ ತಿರುಗಿ ನಿಂತ ಎಂಬುದು ಐತಿಹ್ಯ. ಇಲ್ಲಿ ಆಚೆಯವರು ಯಾರೂ ತಿರುಗುವುದಿಲ್ಲ. ನೋಡುವ ಹಕ್ಕೆಲ್ಲ ಟೋಪಿಯವನದು.

ತಟ್ಟೆಯೊಳಗಿನ ಕಥೆಯೇ ಬೇರೆ. ಲಂಡನ್ನಿನ ಭಾಗದಲ್ಲಿ ಎರಿಕ್ ಕ್ಲಾಪ್ಟನ್‌ನ ಗಿಟಾರ್ ಇದೆ. ಭಾರತದ ಭಾಗ ಆ ವರ್ಷದ ಜನವರಿಯಲ್ಲಿ ಮುಂಬಯಿಯ ಫೋರ್ಟ್‌ನಲ್ಲಿ, ಫಿರೋಜ್‌ಶಾ ಮೆಹ್ತಾ ರಸ್ತೆಯ ಎಚ್‌ಎಂವಿ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಆಶಿಶ್ ಖಾನರ ಸರೋದ್, ಶಿವಕುಮಾರ ಶರ್ಮರ ಸಂತೂರ್, ಮಹಾಪುರುಷ ಮಿಶ್ರರ ತಬಲಾ. ಬೀಟಲ್ಸ್‌ನ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗವೂ ಅಲ್ಲೇ ಆಯಿತು. ನದಿಯಿಲ್ಲ, ಘಟ್ಟವಿಲ್ಲ, ಸುತ್ತ ಬ್ಯಾಂಕು, ವಿಮಾ ಕಚೇರಿಗಳ ಬೀದಿ. ಟೋಪಿಯೊಂದನ್ನು ಬಿಟ್ಟರೆ ಗಿಲ್‌ನ ಗೃಹಸ್ಥನಂಥ ಕೋಟಿನವರು ಅಲ್ಲಿ ಬೇಕಾದಷ್ಟು ಸಿಗುತ್ತಿದ್ದರು. ಮುಂಬಯಿಯ ಮಟ್ಟಿಗೆ, ಗೋಡೆಯ ಎರಡೂ ಬದಿಗೆ ಗುಮಾಸ್ತರನ್ನೇ ನಿಲ್ಲಿಸಿದ್ದರೆ ಚಿತ್ರ ನಿಜಕ್ಕೆ ಹತ್ತಿರವಾಗುತ್ತಿತ್ತು; ಬಹುಶಃ ಇನ್ನಷ್ಟು ವಿಚಿತ್ರವೂ.

ಹ್ಯಾರಿಸನ್ ಮುಂದೆ ನೆನೆಸಿಕೊಂಡಂತೆ, ಆ ಸ್ಟುಡಿಯೋದ ಗೋಡೆಗಳು ಹೊರಗಿನ ಸದ್ದನ್ನು ತಡೆಯುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದರೆ ಕೆಲವು ರಚನೆಗಳ ಹಿಂದೆ ಟ್ಯಾಕ್ಸಿಗಳು ಹಾದುಹೋಗುವುದು ಕೇಳಿಸುತ್ತದಂತೆ. ಸಂಜೆ ಐದೂವರೆಗೆ ಕಚೇರಿ ಬಿಟ್ಟು ಜನ ಧಡಧಡ ಮೆಟ್ಟಿಲಿಳಿಯುವಾಗಲಂತೂ ವಾದ್ಯಗಳನ್ನೆಲ್ಲ ಕೆಳಗಿಟ್ಟು ಸುಮ್ಮನೆ ಕಾಯಬೇಕಾಗುತ್ತಿತ್ತು.