ಹದಿನೆಂಟು ಇಂಚಿನ ನರಕಾಸುರ

ಪುತ್ತೂರು, ಸುಳ್ಯ, ಕಡಬದ ಪ್ರೇಕ್ಷಕರೆದುರು ಯಕ್ಷಗಾನದ ಬೊಂಬೆ ಕುಣಿಸಿ ಸೈ ಎನಿಸಿಕೊಳ್ಳುವುದು ಸುಲಭದ ಮಾತಲ್ಲ. ಆಟ ನೋಡುತ್ತಲೇ ಬೆಳೆದ ಜನ. ಕಿರೀಟ ತುಸು ಓರೆಯಾದರೂ, ಪುಂಡುವೇಷದ ದಿಗಿಣ ಎರಡು ಸುತ್ತು ಕಡಿಮೆಯಾದರೂ ಇವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಇವರಿಗೆ ಒಗ್ಗಿದ ದಕ್ಷಿಣದ ಶೈಲಿಯಾದ ತೆಂಕುತಿಟ್ಟನ್ನೇ ಬೊಂಬೆಗೆ ಇಳಿಸಿದ ಮೇಳ ಗಡಿಯಾಚೆಯ ಕಾಸರಗೋಡಿನದು. 1981ರಲ್ಲಿ ಶುರುವಾದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, ನಿರ್ದೇಶಕರು ಕೆ.ವಿ. ರಮೇಶ್. ಗಡಿಯಾಚೆ ಎಂದರೂ ದೂರವೇನಲ್ಲ. ಸುಳ್ಯದಿಂದ ಜಾಲ್ಸೂರು ದಾಟಿದರೆ ಜಿಲ್ಲೆ ಬದಲಾಗುತ್ತದೆ, ರಾಜ್ಯ ಬದಲಾಗುತ್ತದೆ, ತಿಟ್ಟು ಮಾತ್ರ ಬದಲಾಗುವುದಿಲ್ಲ. ಉತ್ತರದ ಶೈಲಿಯಾದ ಬಡಗುತಿಟ್ಟಿನ ಬೊಂಬೆಗೆ ಕುಂದಾಪುರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನವಿದೆ. ಅಲ್ಲಿ ತಲೆಮಾರುಗಳಿಂದ ಇಳಿದುಬಂದ ವಿದ್ಯೆ, ಮುಂಡಾಸು ಕೇದಗೆಮುಂದಲೆಗಳ ಲೋಕ. ಕಾಸರಗೋಡಿನದು ಕಿರೀಟ, ಭುಜಕೀರ್ತಿಗಳ ದರ್ಬಾರು.

ಬೊಂಬೆಯ ಎತ್ತರ ಸುಮಾರು 18 ಇಂಚು. ಹಳೆ ಮೈಸೂರು ಸೀಮೆಯ ಸೂತ್ರ-ಸಲಾಕೆ ಬೊಂಬೆಗಳ ಭಾರ ಹೊರಲು ಆಡಿಸುವವನ ತಲೆಯೂ ಬೇಕು. ಅವನು ತಲೆಗೆ ಸಿಂಬಿ ಸಿಕ್ಕಿಸಿಕೊಂಡು ಕುಣಿಸುತ್ತಾನೆ. ಕರಾವಳಿಯ ಬೊಂಬೆಗೆ ಬೆರಳು ಸಾಕು. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದರಿಂದ ಏಳು ದಾರ. ಹಗುರವಾದ್ದರಿಂದಲೇ ಅದು ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕಬಲ್ಲದು, ಪೆಟ್ಟಿಗೆಯಲ್ಲಿ ಮಲಗಿ ಊರೂರು ತಿರುಗಬಲ್ಲದು.

ಈ ಬೊಂಬೆಗಳಲ್ಲಿ ಗೆಲ್ಲುವುದು ರಾಕ್ಷಸರ ಬಣ್ಣದ ವೇಷ. ಬಯಲಾಟದ ಚೌಕಿಯಲ್ಲಿ ಕಲಾವಿದ ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿಯ ಮುಳ್ಳು ಎಬ್ಬಿಸಲು ಗಂಟೆಗಟ್ಟಲೆ ಕೂರುತ್ತಾನೆ. ಅಷ್ಟಾದ ಮೇಲೆ ಆ ಮುಖ ಮನುಷ್ಯನದಾಗಿ ಉಳಿಯುವುದಿಲ್ಲ. ಅರ್ಧ ಬೊಂಬೆಯೇ ಆಗಿರುವ ಆ ಮುಖವನ್ನು ಮರಕ್ಕೆ ಇಳಿಸಿದರೆ ನಷ್ಟವೇನೂ ಇಲ್ಲ. ತೆರೆಯ ಹಿಂದಿನಿಂದ ನರಕಾಸುರ ಅಬ್ಬರಿಸಿ ಬಂದಾಗ ಅವನ ಅಳತೆ ಒಂದೂವರೆ ಅಡಿ ಎಂಬುದು ಮರೆತೇಹೋಗುತ್ತದೆ. ಸ್ತ್ರೀವೇಷದ ಪಾಡು ಬೇರೆ. ಕಣ್ಣಂಚಿನಲ್ಲಿ ಆಗಬೇಕಾದ ಕೆಲಸವನ್ನೆಲ್ಲ ಸತ್ಯಭಾಮೆ ಕತ್ತು ಕೊಂಕಿಸಿ, ಕೈಯೆತ್ತಿ ಮಾಡಬೇಕು. ಸಿಟ್ಟಿಗೂ ಒನಪಿಗೂ ಅದೇ ಕತ್ತು, ಅದೇ ಕೈ.

ಗರುಡಗರ್ವಭಂಗ ಪ್ರಸಂಗದಲ್ಲಿ ಬೊಂಬೆ ನಟನನ್ನೇ ಮೀರಿಸುತ್ತದೆ. ಬಯಲಾಟದ ಗರುಡ ಎಷ್ಟು ದಿಗಿಣ ಹೊಡೆದರೂ ಕೊನೆಗೆ ನೆಲಕ್ಕೇ ಬೀಳಬೇಕು. ಬೊಂಬೆಯ ಗರುಡನನ್ನು ಮೇಲೆತ್ತಿದರೆ ಆಯಿತು, ಹಾರಿದ. ಇಷ್ಟು ಸಲೀಸಾದ ಶಕ್ತಿಯನ್ನು ಬೊಂಬೆಯಾಟ ಇನ್ನೂ ಧಾರಾಳವಾಗಿ ಬಳಸಬಹುದಿತ್ತು. ಆಟದ ಪಡಿಯಚ್ಚು ಆಗಬೇಕೆಂಬ ಶ್ರದ್ಧೆ ಕೆಲವೊಮ್ಮೆ ಬೊಂಬೆಯನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ವೇಷಭೂಷಣದ ನಿಷ್ಠೆ ಒಳ್ಳೆಯದೇ. ಆದರೆ ಬೊಂಬೆ ಬೊಂಬೆಯಾಗಿ ಮಾಡಬಲ್ಲದ್ದನ್ನು ಬಿಟ್ಟರೆ ಮನುಷ್ಯರ ಆಟವನ್ನೇ ನೋಡಬಹುದಲ್ಲ!

ಬೊಂಬೆ ಸೋಲುವ ಜಾಗ ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತು. ಹೆಸರಾಂತ ಅರ್ಥಧಾರಿ ಶೇಣಿಯವರ ಅರ್ಥ ಕೇಳಿದ ಕಿವಿಗಳಿರುವ ಸೀಮೆ ಇದು. ಮಾತು ಐದು ನಿಮಿಷಕ್ಕೆ ಎಳೆಯಿತೆಂದರೆ ಬೊಂಬೆಗೆ ಮಾಡಲು ಏನೂ ಉಳಿಯುವುದಿಲ್ಲ. ಕೈ ಮೇಲೆ ಕೆಳಗೆ ಆಡಿಸುವುದು, ಮತ್ತೆ ಆಡಿಸುವುದು. ಪದ್ಯ ಹೆಚ್ಚಿಸಿ ಮಾತಿಗೆ ಕತ್ತರಿ ಹಾಕಿದ ಪ್ರಯೋಗಗಳೇ ಚುರುಕಾಗಿ ಕಾಣುತ್ತವೆ. ಹಾಗೆ ಕತ್ತರಿಸಲು ಸಂಕೋಚ ಬೇಕಿಲ್ಲ.

ಇನ್ನುಳಿದ ದೂರು ಕಲಾವಿದರ ಮೇಲಲ್ಲ, ಕರೆಸುವವರ ಮೇಲೆ. ಜಾತ್ರೆಯ ಗದ್ದೆಯಲ್ಲಿ ನಲವತ್ತಡಿ ವೇದಿಕೆ, ಅದರ ನಡುವೆ ಬೊಂಬೆಯ ಪುಟ್ಟ ರಂಗ, ಎದುರಿಗೆ ಗಣ್ಯರ ಸೋಫಾ. ಹತ್ತನೇ ಸಾಲಿನವನಿಗೆ ಕಾಣುವುದು ಬೆಳಕು ಮತ್ತು ಬಣ್ಣದ ಚುಕ್ಕೆ. ಭುಜಕೀರ್ತಿಯ ಕುಸುರಿ, ಕಾಲಿನ ಗೆಜ್ಜೆ, ದಾರ ಸಡಿಲಿದಾಗ ಮಂಡಿ ಬಾಗುವ ಚೆಂದ, ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಇದು ಶಾಲೆಯ ಹಾಲಿಗೆ, ದೊಡ್ಡ ಮನೆಯ ಚಾವಡಿಗೆ ತಕ್ಕ ಕಲೆ. ಮುಂದಿನ ಸಲ ಕರೆಸುವವರು ದಯವಿಟ್ಟು ಸೋಫಾಗಳನ್ನು ಹಿಂದಕ್ಕೆ ಸರಿಸಿ, ಮುಂದೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಲಿ.