ಗಾಜನೂರಿನ ದಾರಿ, ಭದ್ರಾವತಿಯ ದಾರಿ: ವಿದ್ಯಾರ್ಥಿ ಚಳವಳಿ ಮತ್ತು ಕನ್ನಡ ವಿಮರ್ಶೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ತುಂಗಾ ನದಿಗೆ ಅಣೆಕಟ್ಟೆ ಕಟ್ಟಿರುವ ಗಾಜನೂರು ಸಿಗುತ್ತದೆ. ಮಲೆನಾಡಿನ ಹಳ್ಳಿಗಳಿಂದ ಓದಿಗಾಗಿ ಶಿವಮೊಗ್ಗಕ್ಕೆ ಬಂದ ಹಲವು ತಲೆಮಾರಿನ ವಿದ್ಯಾರ್ಥಿಗಳ ದಾರಿ ಇದು. ನಗರದ ಇನ್ನೊಂದು ದಿಕ್ಕಿನಲ್ಲಿ, ಭದ್ರಾ ನದಿಯ ದಡದಲ್ಲಿ, ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿಂದ ಬೆಳೆದ ಭದ್ರಾವತಿಯಿದೆ. ಈ ಎರಡು ದಾರಿಗಳನ್ನು ಜಿಲ್ಲೆಯ ವಿದ್ಯಾರ್ಥಿ ಮತ್ತು ಯುವಜನ ರಾಜಕಾರಣದ ಎರಡು ಪರಂಪರೆಗಳ ಸಂಕೇತಗಳೆಂದು ಭಾವಿಸಬಹುದು. ಮೊದಲನೆಯದು ಸಮಾಜವಾದಿ ಪರಂಪರೆ. ಎರಡನೆಯದು ದಲಿತ ಪರಂಪರೆ. ಕನ್ನಡ ಸಾಹಿತ್ಯ ಇವೆರಡನ್ನೂ ಹೇಗೆ ಗ್ರಹಿಸಿದೆ, ಆ ಗ್ರಹಿಕೆಯಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು (1923–1972) 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಬಳಿಕ ಸಮಾಜವಾದಿ ಪಕ್ಷದ ನಾಯಕರಾದವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಓದಿದ ತರುಣರು ಉಳುವವರ ಪರವಾಗಿ ನಿಲ್ಲುವ ಮಾದರಿಯೊಂದನ್ನು ಈ ಹೋರಾಟ ಮಲೆನಾಡಿಗೆ ಒದಗಿಸಿತು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಕಾದಂಬರಿಯ ಹಿಂದೆ ಗೋಪಾಲಗೌಡರ ಬದುಕಿನ ನೆರಳಿದೆ ಎಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ.

‘ಅವಸ್ಥೆ’ಯ ಕೃಷ್ಣಪ್ಪಗೌಡ ಹಾಸಿಗೆ ಹಿಡಿದ ಸ್ಥಿತಿಯಲ್ಲಿ ತನ್ನ ಗತವನ್ನು ನೆನೆಯುತ್ತಾನೆ. ದನ ಕಾಯುವ ಹುಡುಗನಾಗಿದ್ದವನು ವಿದ್ಯಾರ್ಥಿಯಾದದ್ದು, ಕ್ರಾಂತಿಕಾರಿ ಅಣ್ಣಾಜಿಯ ಸಹವಾಸ, ಪೊಲೀಸರ ಹಿಂಸೆ ಇವೆಲ್ಲವೂ ಈ ಸ್ಮರಣೆಯ ಮೂಲಕವೇ ಒದಗುತ್ತವೆ. ಅಧಿಕಾರದ ಸಮೀಪಕ್ಕೆ ಬಂದ ಆದರ್ಶವಾದಿಯ ಆತ್ಮಶೋಧನೆಗೆ ಈ ತಂತ್ರ ಅತ್ಯಂತ ಸಮರ್ಪಕವಾದುದು. ಆದರೆ ಇದೇ ತಂತ್ರ ಕೃತಿಯ ಮಿತಿಯೂ ಆಗಿದೆ. ಸಂಘಟನೆ ಎಂಬುದು ಇಲ್ಲಿ ವ್ಯಕ್ತಿಯೊಬ್ಬನ ಅಂತಃಸಾಕ್ಷಿಯ ಪರೀಕ್ಷೆಯಾಗಿ ರೂಪಾಂತರ ಹೊಂದುತ್ತದೆ. ಕರಪತ್ರ ಬರೆದವರು, ಚಂದಾ ಎತ್ತಿದವರು, ಸಭೆಗೆ ಜನ ಸೇರಿಸಿದವರು ನಾಯಕನ ನೆನಪಿನ ಅಂಚಿನಲ್ಲಿ ಉಳಿಯುತ್ತಾರೆ. ಗೌರಿ ದೇಶಪಾಂಡೆ, ಸೀತೆ, ಲೂಸಿನಾ ಈ ಮೂವರೂ ಅವನೊಂದಿಗಿನ ಸಂಬಂಧದ ಮೂಲಕವೇ ಪ್ರಧಾನವಾಗಿ ಅರ್ಥ ಪಡೆಯುತ್ತಾರೆ.

ಎರಡನೆಯ ಪರಂಪರೆಯ ತಿರುವು 1973ರ ನವೆಂಬರಿನದು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ಅವರ ರಾಜೀನಾಮೆಗೆ ಒತ್ತಾಯಿಸಿ ರಾಜ್ಯದ ಅನೇಕ ಕಡೆ ವಿದ್ಯಾರ್ಥಿಗಳು ಬೀದಿಗಿಳಿದರು. ಸಚಿವರನ್ನು ಬೆಂಬಲಿಸಿದ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಸಚಿವರು ಸ್ಥಾನ ತೊರೆಯಬೇಕಾಯಿತು. ಸಾಹಿತ್ಯದ ಮೌಲ್ಯಮಾಪನವನ್ನು ಕುರಿತ ಒಂದು ಹೇಳಿಕೆ ಕಾಲೇಜು ಆವರಣಗಳನ್ನು ಈ ಪ್ರಮಾಣದಲ್ಲಿ ಇಬ್ಭಾಗ ಮಾಡಿದ ನಿದರ್ಶನ ಕನ್ನಡದಲ್ಲಿ ಅಪರೂಪ.

ಆ ಹೇಳಿಕೆಯನ್ನು ವಿಮರ್ಶೆಯ ವಾಕ್ಯವೆಂದು ಪರಿಗಣಿಸಿದರೆ ಅದರ ದೋಷ ಸ್ಪಷ್ಟವಾಗಿದೆ. ವಚನಕಾರರನ್ನೂ ತತ್ವಪದಕಾರರನ್ನೂ ಒಳಗೊಂಡ ಪರಂಪರೆಯನ್ನು ಅದು ಸಾಕಷ್ಟು ವಿಂಗಡಿಸಿ ನೋಡಲಿಲ್ಲ. ಆದರೆ ಅದನ್ನು ವಿರೋಧಿಸಿದ ಚಳವಳಿಯ ದೋಷ ಇನ್ನೂ ದೊಡ್ಡದು. ಸಾಹಿತ್ಯವನ್ನು ರಕ್ಷಿಸುತ್ತೇವೆಂದು ಹೊರಟವರು ಸಾಹಿತ್ಯದ ಓದಿಗೆ ಹೋಗಲಿಲ್ಲ; ಈ ಸಾಹಿತ್ಯದಲ್ಲಿ ತಮ್ಮ ಸಹಪಾಠಿಗಳ ಬದುಕು ಎಲ್ಲಿದೆ ಎಂಬ ಪ್ರಶ್ನೆಯನ್ನು ಎದುರಿಸಲಿಲ್ಲ. ಕನ್ನಡಾಭಿಮಾನದ ಭಾಷೆ ಇಲ್ಲಿ ಜಾತಿಯ ಯಜಮಾನಿಕೆಯ ಭಾಷೆಯಾಗಿಯೂ ಕೆಲಸ ಮಾಡಿತು. ವಿವಾದದ ತಿರುಳಿದ್ದುದು ಸಾಹಿತ್ಯದ ಬೆಲೆ ಕಟ್ಟುವ ಅಧಿಕಾರ ಯಾರದು ಎಂಬಲ್ಲಿ.

ಈ ಪ್ರಶ್ನೆಗೆ ಸಂಘಟನೆಯ ರೂಪ ದೊರೆತದ್ದು ಭದ್ರಾವತಿಯಲ್ಲಿ. ದಲಿತ ಸಂಘರ್ಷ ಸಮಿತಿಯ ಹುಟ್ಟನ್ನು ಸಾಮಾನ್ಯವಾಗಿ 1974ಕ್ಕೆ ಗುರುತಿಸಲಾಗುತ್ತದೆ. ಅದರ ನೇತೃತ್ವ ವಹಿಸಿದ ಪ್ರೊ. ಬಿ. ಕೃಷ್ಣಪ್ಪ (1938–1997) ಅಲ್ಲಿನ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಸಾಹಿತ್ಯವನ್ನು ತರಗತಿಯಲ್ಲಿ ಬೋಧಿಸುತ್ತಿದ್ದವರೇ ಅದರ ಹೊರಗುಳಿದವರನ್ನು ಸಂಘಟಿಸಿದ್ದು ಆಕಸ್ಮಿಕವಲ್ಲ. ಕಾಲೇಜು, ಕಾರ್ಮಿಕರ ವಸತಿ, ವಿದ್ಯಾರ್ಥಿನಿಲಯ ಇವು ಒಂದಕ್ಕೊಂದು ಹತ್ತಿರವಿದ್ದ ಕೈಗಾರಿಕಾ ಪಟ್ಟಣದಲ್ಲಿ ವಿದ್ಯಾರ್ಥಿಯ ಮಾತು ಆವರಣದ ಗೋಡೆ ದಾಟುವುದು ಸುಲಭವಾಗಿತ್ತು. ಮುಂದೆ ದಲಿತ ವಿದ್ಯಾರ್ಥಿ ಒಕ್ಕೂಟ ಈ ಕೆಲಸವನ್ನು ಕಾಲೇಜುಗಳಲ್ಲಿ ಮುಂದುವರಿಸಿತು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ವಿರೋಧಿಸಿದ ಕಾರ್ಯಕರ್ತರು ಹಲ್ಲೆಗೊಳಗಾದ ಘಟನೆ ಈ ಹೋರಾಟದ ಬೆಲೆ ಎಷ್ಟೆಂಬುದನ್ನು ತೋರಿಸಿತು.

ಈ ಪರಂಪರೆಯ ಸಾಹಿತ್ಯಕ ದಾಖಲೆಯಾಗಿ ಸಿದ್ಧಲಿಂಗಯ್ಯನವರ (1954–2021) ‘ಊರುಕೇರಿ’ (1996) ಮುಖ್ಯವಾದುದು. ಬೆಂಗಳೂರಿನ ವಿದ್ಯಾರ್ಥಿನಿಲಯದ ಬದುಕು, ಭಾಷಣ, ಸಭೆ, ಪೆಟ್ಟು ಎಲ್ಲವನ್ನೂ ಅದು ನಗೆಯ ಧಾಟಿಯಲ್ಲಿ ನಿರೂಪಿಸುತ್ತದೆ. ‘ಅವಸ್ಥೆ’ಯ ನಾಯಕ ಒಂಟಿಯಾಗಿ ನೆನೆದರೆ, ‘ಊರುಕೇರಿ’ಯ ನಿರೂಪಕ ಗೆಳೆಯರ ಗುಂಪಿನ ನಡುವೆ ನಿಂತು, ತನ್ನನ್ನೂ ಗೇಲಿಗೆ ಒಡ್ಡಿಕೊಂಡು ನೆನೆಯುತ್ತಾನೆ. ನಾಯಕತ್ವದ ಭಾರವನ್ನು ಇಳಿಸುವ ಈ ನಗೆ ಒಂದು ರಾಜಕೀಯ ನಿಲುವೂ ಹೌದು. ಆದರೂ ಇದು ಪ್ರಧಾನವಾಗಿ ರಾಜಧಾನಿಯ, ಹುಡುಗರ ವಿದ್ಯಾರ್ಥಿನಿಲಯದ ಕಥನ. ಭದ್ರಾವತಿಯಂತಹ ಪಟ್ಟಣದ ದಿನನಿತ್ಯದ ಸಂಘಟನೆಗಾಗಲಿ, ವಿದ್ಯಾರ್ಥಿನಿಯರ ಅನುಭವಕ್ಕಾಗಲಿ ಅಲ್ಲಿ ಹೆಚ್ಚಿನ ಅವಕಾಶ ದೊರೆತಿಲ್ಲ.

ಅವರದೇ ‘ಹೊಲೆಮಾದಿಗರ ಹಾಡು’ (1975) ಸಂಕಲನದ ಸಂದರ್ಭದಲ್ಲಿ ವಿಮರ್ಶೆ ಎರಡು ಬಗೆಯಲ್ಲಿ ಎಡವಿದೆ. ಘೋಷಣೆಯೆಂದು ಬದಿಗೆ ಸರಿಸಿದವರು, ಮೌನವಾಗಿ ಓದುವ ನವ್ಯಕಾವ್ಯದ ಮಾನದಂಡವನ್ನು ಮೆರವಣಿಗೆಯಲ್ಲಿ ಹಾಡುವ ಕಾವ್ಯಕ್ಕೆ ಅನ್ವಯಿಸಿದರು. ಸಾಮಾಜಿಕ ಮಹತ್ವಕ್ಕಾಗಿಯೇ ಹೊಗಳಿದವರು ಅದರ ರಚನೆಯನ್ನು ಓದದೆ ಬಿಟ್ಟರು. ಪುನರಾವೃತ್ತಿ, ನಡಿಗೆಗೆ ಹೊಂದುವ ಲಯ, ಕೇಳುಗರನ್ನು ಒಳಗೊಳ್ಳುವ ಸಂಬೋಧನೆ ಇವು ಚಳವಳಿಯ ಅಗತ್ಯದಿಂದ ಹುಟ್ಟಿದ ಕಾವ್ಯಗುಣಗಳೆಂಬ ವಿವೇಚನೆ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ.

ಈ ವಿವೇಚನೆಗೆ ಬೇಕಾದ ಆಕರ ಅಚ್ಚಾದ ಪುಸ್ತಕಗಳಲ್ಲಿ ಮಾತ್ರ ದೊರೆಯುವಂಥದ್ದಲ್ಲ. ಕರಪತ್ರ, ಗೋಡೆಬರಹದ ಛಾಯಾಚಿತ್ರ, ಸಭೆಯ ನಡಾವಳಿ, ಕೈಬರಹದ ಹಾಡಿನ ಪುಸ್ತಕ ಇವೂ ಸಾಹಿತ್ಯ ಚರಿತ್ರೆಯ ಆಕರಗಳೇ. ಕೃಷ್ಣಪ್ಪ, ಅನಂತಮೂರ್ತಿ, ಸಿದ್ಧಲಿಂಗಯ್ಯ ಮೂವರೂ ಈಗ ನಮ್ಮೊಂದಿಗಿಲ್ಲ. ಹೆಸರಾದವರ ನೆನಪು ಕೃತಿಗಳಲ್ಲಿ ಉಳಿದಿದೆ. ಅವರೊಡನೆ ನಡೆದ ಹೆಸರಿಲ್ಲದ ವಿದ್ಯಾರ್ಥಿಗಳು ಈಗ ಮುಪ್ಪಿನಲ್ಲಿದ್ದಾರೆ. ಗಾಜನೂರಿನ ದಾರಿಯಲ್ಲಿ, ಭದ್ರಾವತಿಯ ಕಾರ್ಮಿಕ ವಸತಿಗಳಲ್ಲಿ ಹಳೆಯ ಪೆಟ್ಟಿಗೆಗಳಲ್ಲಿರಬಹುದಾದ ಕಾಗದಗಳನ್ನು ನಮ್ಮ ಗ್ರಂಥಾಲಯಗಳು ಸಂಗ್ರಹಿಸದೆ ಹೋದರೆ, ಸಾಹಿತ್ಯದ ಬೆಲೆ ಕಟ್ಟುವವರು ಯಾರು ಎಂದು 1973ರಲ್ಲಿ ಎದ್ದ ಪ್ರಶ್ನೆಗೆ ನಾವು ಹಳೆಯ ಉತ್ತರವನ್ನೇ ಮತ್ತೊಮ್ಮೆ ಕೊಟ್ಟಂತಾಗುತ್ತದೆ.