ಬೀಭತ್ಸದೊಳಗಣ ಹಾಸ್ಯ

ಕೆಲವು ವರ್ಷಗಳ ಕೆಳಗೆ ನನ್ನ ತಮ್ಮನ ಮಗನು ನ್ಯೂಜಿಲೆಂಡ್ ದೇಶದ ‘ಬ್ಯಾಡ್ ಟೇಸ್ಟ್’ ಎಂಬ ಚಲಚ್ಚಿತ್ರವನ್ನು ತೋರಿಸಿದಾಗ, ನಾನು ಅರ್ಧ ಗಳಿಗೆಯೊಳಗಾಗಿ ಎದ್ದು ಹೋದೆನು. ಹೆಸರಿನ ಅರ್ಥವೇ ‘ಕೀಳು ಅಭಿರುಚಿ’ ಎಂದಿರುವಾಗ ವಿಮರ್ಶೆ ಬೇರೆ ಏಕೆ ಬೇಕೆಂದು ಅವನನ್ನು ಗದರಿಸಿದ್ದೂ ಉಂಟು. ಈಚೆಗೆ ಅದನ್ನು ಮೊದಲಿನಿಂದ ಕಡೆಯವರೆಗೆ ಕುಳಿತು ನೋಡಿದೆನು. ಅಂದಿನ ತೀರ್ಪನ್ನು ಬಹುಮಟ್ಟಿಗೆ ತಿದ್ದಿಕೊಳ್ಳಬೇಕಾಗಿದೆ.

ಕಥೆ ಅತ್ಯಲ್ಪ. ಅನ್ಯಲೋಕದ ರಾಕ್ಷಸರು ಒಂದು ಸಣ್ಣ ಊರಿನ ಜನರನ್ನೆಲ್ಲ ಕೊಂದು, ಆ ಮಾಂಸವನ್ನು ತಮ್ಮ ಲೋಕದ ಹೋಟಲುಗಳಿಗೆ ಸಾಗಿಸಲು ಹೊರಟಿರುತ್ತಾರೆ. ನಾಲ್ವರು ಸರ್ಕಾರಿ ಭಟರು ಅವರನ್ನು ಎದುರಿಸುತ್ತಾರೆ. ಇದರ ಕರ್ತೃವಾದ ಪೀಟರ್ ಜ್ಯಾಕ್ಸನ್ ಆಗ ವೆಲಿಂಗ್ಟನ್ ನಗರದ ವೃತ್ತಪತ್ರಿಕೆಯೊಂದರಲ್ಲಿ ಚಿತ್ರಗಳ ಅಚ್ಚುಫಲಕ ಮಾಡುವ ನೌಕರ, ಇಪ್ಪತ್ತೆರಡರ ಆಸುಪಾಸಿನ ಹುಡುಗ. 1983ರಲ್ಲಿ ತೊಡಗಿ ಸುಮಾರು ನಾಲ್ಕು ವರ್ಷ, ರಜೆಯ ದಿನಗಳಲ್ಲಿ, ಪುಕೆರುವಾ ಬೇ ಎಂಬ ತನ್ನ ಕಡಲತಡಿಯ ಊರಿನಲ್ಲಿ, ಗೆಳೆಯರನ್ನೇ ನಟರನ್ನಾಗಿಸಿಕೊಂಡು ಇದನ್ನು ಚಿತ್ರಿಸಿದನು. ರಾಕ್ಷಸರ ಮುಖವಾಡಗಳು ಬೆಂದದ್ದು ಅವನ ತಾಯಿಯ ಅಡುಗೆಮನೆಯ ಒಲೆಯಲ್ಲಿ! ಕೊನೆಯ ಹಂತದಲ್ಲಿ ಅಲ್ಲಿನ ಸರ್ಕಾರದ ಚಲಚ್ಚಿತ್ರ ಮಂಡಲಿಯು ಹಣವಿತ್ತು ಪೂರ್ತಿಗೊಳಿಸಿತು.

ನಮ್ಮ ಹುಣಸೂರು, ಕೃಷ್ಣರಾಜನಗರದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡಿದವರಿಗೆ ಈ ಬಗೆಯ ಉತ್ಸಾಹ ಹೊಸತಲ್ಲ. ಹಗಲು ಗದ್ದೆ, ಇರುಳು ಗದೆ. ದುಶ್ಶಾಸನನ ಎದೆಯ ಕುಂಕುಮದ ನೀರು ಭೀಮನ ಕೈಗೆ ಸಿಕ್ಕದೆ ಹೋದ ರಾತ್ರಿಯೊಂದನ್ನು ನಾನು ಕಂಡಿದ್ದೇನೆ. ಸತ್ತವನೇ ಮೆಲ್ಲನೆ ಅದನ್ನು ಭೀಮನ ಕಡೆಗೆ ಸರಿಸಿಕೊಟ್ಟನು. ಸಭೆ ನಕ್ಕಿತು, ಆದರೆ ಒಬ್ಬರೂ ಎದ್ದು ಹೋಗಲಿಲ್ಲ.

ಅಲ್ಲಿ ಅಕಸ್ಮಾತ್ತಾದುದು ಇಲ್ಲಿ ಬುದ್ಧಿಪೂರ್ವಕ. ಕಡಿದಾದ ದಿಣ್ಣೆಯ ಮೇಲೆ ಜ್ಯಾಕ್ಸನ್ನನೇ ಗಡ್ಡವಿಲ್ಲದ ಭಟನಾಗಿಯೂ ಗಡ್ಡವುಳ್ಳ ರಾಕ್ಷಸನಾಗಿಯೂ ತನ್ನೊಡನೆ ತಾನೇ ಹೊಡೆದಾಡುತ್ತಾನೆ. ಬಿದ್ದು ತಲೆಯೊಡೆದ ಭಟನು, ಜಾರಿದ ಮಿದುಳನ್ನು ಒಳಗೆ ತುರುಕಿ, ತಲೆಗೆ ಕಟ್ಟು ಬಿಗಿದುಕೊಂಡು ಮತ್ತೆ ಕಾಳಗಕ್ಕೆ ನಡೆಯುತ್ತಾನೆ! ಇನ್ನೊಂದೆಡೆ ರಾಕ್ಷಸರಿಗೆಂದು ಹಾರಿಸಿದ ಅಸ್ತ್ರವು ಗುರಿ ತಪ್ಪಿ, ಪಾಪ, ಮೇಯುತ್ತಿದ್ದ ಕುರಿಯೊಂದನ್ನು ನುಚ್ಚುನೂರು ಮಾಡುತ್ತದೆ.

ಬೀಭತ್ಸದಿಂದ ಭಯಾನಕವೂ ಶೃಂಗಾರದಿಂದ ಹಾಸ್ಯವೂ ಹುಟ್ಟುತ್ತವೆಂಬುದು ಭರತನ ಮತ. ಪಾಠಶಾಲೆಯಲ್ಲಿ ಹಾಗೆಯೇ ಉರುಹೊಡೆದೆವು. ಆದರೆ ಅಭಿನವಗುಪ್ತನು ಯಾವ ರಸದ ಆಭಾಸದಿಂದಲೂ ಹಾಸ್ಯವು ಹುಟ್ಟಬಹುದೆಂದನು. ಅನೌಚಿತ್ಯವೇ ಅದರ ಬೀಜ. ಮಕ್ಕಳಿಗೆ ಆ ಮಾತನ್ನು ಎಷ್ಟೋ ಸಲ ವಿವರಿಸಿದ ನನಗೆ, ಮಿದುಳನ್ನು ತುರುಕಿಕೊಳ್ಳುವ ಈ ಭಟನನ್ನು ಕಂಡ ಮೇಲೆ ಅದು ನಿಜವಾಗಿ ಮನದಟ್ಟಾಯಿತು. ಜುಗುಪ್ಸೆಯು ಅಳತೆ ಮೀರಿದಾಗ ನಂಬಿಕೆ ಕಳಚುತ್ತದೆ. ನಂಬಿಕೆ ಕಳಚಿದೆಡೆಯಲ್ಲಿ ನಗೆ ಏಳುತ್ತದೆ. ಇಲ್ಲಿನ ಬಡ ಸಾಮಗ್ರಿಯು ದೋಷವಾಗದೆ ಉಪಕಾರಕವಾಗಿರುವುದು ಇದರಿಂದಲೇ.

ಆದರೂ ಒಂದು ಕೊರತೆ ಉಳಿಯಿತು. ಭಟ್ಟನಾರಾಯಣನ ‘ವೇಣೀಸಂಹಾರ’ದ ಮೂರನೆಯ ಅಂಕದ ಮೊದಲಲ್ಲಿ ರುಧಿರಪ್ರಿಯನೆಂಬ ರಾಕ್ಷಸನೂ ವಸಾಗಂಧೆಯೆಂಬ ಅವನ ಹೆಂಡತಿಯೂ ರಣರಂಗದ ರಕ್ತ ಮಾಂಸಗಳ ವಿಚಾರವನ್ನು ಉಗ್ರಾಣ ತುಂಬಿಸುವ ಗೃಹಸ್ಥರಂತೆ ಮಾತನಾಡಿಕೊಳ್ಳುತ್ತಾರೆ. ಜ್ಯಾಕ್ಸನ್ನನ ರಾಕ್ಷಸರಿಗೆ ಇವರು ಹತ್ತಿರದ ಬಂಧುಗಳು. ಆದರೆ ಅವರು ತೆರಳಿದೊಡನೆ ಅಶ್ವತ್ಥಾಮನು ಬರುತ್ತಾನೆ, ತಂದೆಯ ಮರಣವನ್ನು ಕೇಳುತ್ತಾನೆ. ನಕ್ಕ ನಮಗೆ ನಾಚಿಕೆಯಾಗುತ್ತದೆ. ರನ್ನನ ‘ಗದಾಯುದ್ಧ’ದಲ್ಲಿಯೂ ಮರುಳುಗಳ ಪರಿಹಾಸ್ಯವು ತಾಗುವುದು, ಬಂಧುಗಳನ್ನೆಲ್ಲ ಕಳೆದುಕೊಂಡು ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ. ಈ ಚಿತ್ರದಲ್ಲಿ ಒಂದು ಊರಿಗೆ ಊರೇ ಮಾಂಸವಾಗಿ ಪೆಟ್ಟಿಗೆಗಳಲ್ಲಿ ತುಂಬಿದ್ದರೂ, ಅವರಿಗಾಗಿ ಕಣ್ಣೀರಿಡುವ ಒಬ್ಬ ತಾಯಿಯಿಲ್ಲ, ಮಗನಿಲ್ಲ. ಹುಡುಗರ ಆಟವೆಂದು ಕ್ಷಮಿಸಬಹುದು. ನಾನು ಕ್ಷಮಿಸಿದ್ದೇನೆ, ಮರೆತಿಲ್ಲ. ಇದೇ ಜ್ಯಾಕ್ಸನ್ ಮುಂದೆ 2001ರಿಂದ 2003ರವರೆಗೆ ಹೊರತಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಲ್ಲಿ ಸತ್ತವರಿಗಾಗಿ ಅಳುವವರಿದ್ದಾರೆ.

ಮನೆಮಂದಿಯೊಡನೆ ನೋಡತಕ್ಕ ಚಿತ್ರ ಇದಲ್ಲವೆಂಬುದನ್ನು ಗೃಹಸ್ಥರಿಗೆ ತಿಳಿಸುವುದು ನನ್ನ ಕರ್ತವ್ಯ. ರಾಕ್ಷಸರು ವಾಂತಿಯ ಬೋಗುಣಿಯನ್ನು ಕೈಯಿಂದ ಕೈಗೆ ದಾಟಿಸಿ ಕುಡಿಯುವ ಭಾಗ ಬಂದಾಗ ನಾನೂ ಮುಖ ತಿರುಗಿಸಿದೆನು. ಊಟದ ಹೊತ್ತಿನಲ್ಲಂತೂ ಸರ್ವಥಾ ಬೇಡ.